ಕೆರೆಯ ಶಾಸನ, ಕಡಲ ಮರಳು

ಚಿತ್ರದುರ್ಗದ ಕೋಟೆಬೆಟ್ಟಗಳ ಮಗ್ಗುಲಲ್ಲಿ, ಬಂಡೆಗಳು ಸುತ್ತುವರಿದ ಕಣಿವೆಯೇ ಚಂದ್ರವಳ್ಳಿ. ಅಲ್ಲಿಯ ಭೈರವೇಶ್ವರ ಗುಡಿಯ ಬಳಿ ಒಂದು ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ ಚಿಕ್ಕದೊಂದು ಪ್ರಾಕೃತ ಶಾಸನವಿದೆ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನದು ಅದು, ಕಾಲ ಕ್ರಿ. ಶ. ನಾಲ್ಕನೆಯ ಶತಮಾನ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದು, ಆ ಅರಸನು ಗೆದ್ದ ನಾಡುಗಳ ಪಟ್ಟಿಯೊಂದು ಅದರಲ್ಲಿದೆಯೆಂದು ಓದಿದರು. ಆ ಪಟ್ಟಿಯ ಬಗ್ಗೆ ಅನಂತರದ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳುಂಟು. ಒಂದು ಮಾತಿನಲ್ಲಿ ಮಾತ್ರ ವಿವಾದವಿಲ್ಲ: ಶಾಸನ ಹುಟ್ಟಿದ್ದು ಒಂದು 'ತಟಾಕ'ದ ನಿಮಿತ್ತವಾಗಿ. ಕರ್ನಾಟಕದ ಮೊದಲ ರಾಜವಂಶದ ಮೊದಲ ಅರಸನ ಹೆಸರು ಕಲ್ಲಿನಲ್ಲಿ ಉಳಿದಿರುವುದು ಕೆರೆಯೊಂದರ ಕಾರಣದಿಂದ.

ಕೃಷ್ಣ ಅವರು ಚಂದ್ರವಳ್ಳಿಯ ಮಣ್ಣನ್ನು ಅಗೆಯಿಸಿದ್ದು 1928-29ರಲ್ಲಿ. ಆ 1928ರ ಸೆಪ್ಟೆಂಬರಿನಲ್ಲಿಯೇ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವೈದ್ಯವಿಜ್ಞಾನಿಯು, ರಜೆಯಿಂದ ಮರಳಿ ಬಂದವನು, ತನ್ನ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಹಿಡಿದಿರುವುದನ್ನೂ ಆ ಬೂಷ್ಟಿನ ಸುತ್ತ ರೋಗಾಣುಗಳು ಕರಗಿಹೋಗಿರುವುದನ್ನೂ ಕಂಡನು. ಪೆನಿಸಿಲಿನ್ ದೊರೆತದ್ದು ಹೀಗೆ. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ, ಕಾಲವೊಂದೇ, ಅಷ್ಟೆ. ಆದರೂ ಇತಿಹಾಸ ಓದುವವರಿಗೆ ಇಂಥ ಸಮಕಾಲೀನತೆ ನೆನಪಿನ ಒಂದು ಗೂಟವಾಗುತ್ತದೆ.

1947ರಲ್ಲಿ ಸರ್ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯಲ್ಲಿಯೂ ಉತ್ಖನನ ನಡೆಸಿದರು. ಅದಕ್ಕೆ ಎರಡು ವರ್ಷ ಹಿಂದೆ, 1945ರಲ್ಲಿ, ಅವರು ಪುದುಚೇರಿಯ ಬಳಿಯ ಅರಿಕಮೇಡು ಎಂಬ ಕಡಲ ತೀರದ ನೆಲೆಯನ್ನು ಅಗೆದಿದ್ದರು. ಅಲ್ಲಿ ರೋಮನ್ ವ್ಯಾಪಾರದ ವಸ್ತುಗಳ ಜೊತೆಯಲ್ಲಿ, ಒಳತಳದಲ್ಲಿ ಚುಕ್ಕಿಗೆರೆಗಳ ಸುತ್ತುಗಳಿರುವ ಒಂದು ಬಗೆಯ ನುಣುಪಾದ ಮಡಕೆಯ ಚೂರುಗಳು ದೊರೆತಿದ್ದವು. ಅದೇ ಬಗೆಯ ಚೂರುಗಳು ಚಿತ್ರದುರ್ಗದ ಸೀಮೆಯಲ್ಲಿಯೂ ಸಿಕ್ಕವು. ರೋಮನ್ ಸಾಮ್ರಾಟ ತಿಬೇರಿಯಸನ ಬೆಳ್ಳಿಯ ನಾಣ್ಯವೂ ಚಂದ್ರವಳ್ಳಿಯಲ್ಲಿ ದೊರೆಯಿತು. ಕಡಲ ದಂಡೆಯಲ್ಲಿ ಸಿಕ್ಕ ಮಡಕೆಯ ತುಣುಕು ನೂರಾರು ಮೈಲಿ ಒಳಗಿನ ಮಣ್ಣಿನ ವಯಸ್ಸನ್ನು ಹೇಳಿತು. ಕಡಲೂ ಒಳನಾಡೂ ಎಂದೂ ಬೇರೆ ಬೇರೆ ಲೋಕಗಳಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಅದೇ 1947ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಮೇರಿ ಬಾರ್ಬರ್ ಎಂಬ ವಿದುಷಿ, ಪೆನಿಸಿಲಿನ್ನಿಗೆ ಮಣಿಯದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾಗಳು ರೋಗಿಗಳಲ್ಲಿ ಹೆಚ್ಚುತ್ತಿರುವುದನ್ನು ವರದಿ ಮಾಡಿದಳು. ಔಷಧವು ಸಾಮಾನ್ಯ ಬಳಕೆಗೆ ಬಂದು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಇಂಥದೊಂದು ಸಂಭವಿಸಬಹುದೆಂದು ಫ್ಲೆಮಿಂಗನೇ 1945ರ ಡಿಸೆಂಬರಿನ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದನು. ಅಂಗಡಿಯಲ್ಲಿ ಯಾರು ಬೇಕಾದರೂ ಪೆನಿಸಿಲಿನ್ ಕೊಳ್ಳುವ ಕಾಲ ಬಂದೀತು. ಸಾಲದ ಪ್ರಮಾಣದಲ್ಲಿ ಸೇವಿಸಿದವನು ತನ್ನೊಳಗಿನ ಕ್ರಿಮಿಗಳನ್ನು ಕೊಲ್ಲದೆ ಅವುಗಳಿಗೆ ಔಷಧವನ್ನು ಎದುರಿಸುವ ಬಲ ಕೊಟ್ಟಾನು, ಆ ಕ್ರಿಮಿಗಳು ಇನ್ನೊಬ್ಬರ ಪ್ರಾಣಕ್ಕೆ ಎರವಾದಾವು ಎಂಬುದು ಆ ಎಚ್ಚರಿಕೆಯ ತಾತ್ಪರ್ಯ. ತಾನೇ ಕಂಡುಹಿಡಿದುದರ ದುರ್ಬಳಕೆಯನ್ನು ಪ್ರಶಸ್ತಿಯ ವೇದಿಕೆಯಿಂದಲೇ ಹೇಳುವ ಪ್ರಾಮಾಣಿಕತೆ ವಿರಳ.

ಜನಸಾಮಾನ್ಯರು ಆಂಟಿಬಯಾಟಿಕ್ ಎಂದು ಕರೆಯುವ ಪ್ರತಿಜೈವಿಕ ಔಷಧಗಳ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಹರಡಿದೆ. ಔಷಧಕ್ಕೆ ರೂಢಿಯಾಗಿ ಬಿಡುವುದು ರೋಗಿಯ ಶರೀರ ಎಂದು ಅನೇಕರು ಭಾವಿಸುತ್ತಾರೆ. ರೂಢಿಯಾಗುವುದು ಶರೀರವಲ್ಲ, ಬ್ಯಾಕ್ಟೀರಿಯಾ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಔಷಧವನ್ನು ಒಡೆದುಹಾಕುವ, ಇಲ್ಲವೇ ಹೊರಗೆ ನೂಕುವ ಶಕ್ತಿ ಆಕಸ್ಮಿಕವಾಗಿ ಇರುತ್ತದೆ. ಔಷಧ ಬಂದಾಗ ಉಳಿದವು ಸಾಯುತ್ತವೆ, ಇವು ಬದುಕುತ್ತವೆ, ತೆರವಾದ ಜಾಗವನ್ನೆಲ್ಲ ತುಂಬುತ್ತವೆ. ಈ ಶಕ್ತಿ ಮನುಷ್ಯನ ಸೃಷ್ಟಿಯೂ ಅಲ್ಲ. ಕೆನಡಾದ ಯೂಕಾನ್ ಪ್ರಾಂತದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ಇಂಥ ಶಕ್ತಿಯ ಜೀನ್‌ಗಳಿದ್ದುದನ್ನು 2011ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೂಷ್ಟೂ ಬ್ಯಾಕ್ಟೀರಿಯಾವೂ ಮಣ್ಣಿನಲ್ಲಿ ಅನಾದಿಯಿಂದ ನಡೆಸಿಕೊಂಡು ಬಂದ ಕಲಹ ಅದು. ಮನುಷ್ಯನು ಮಾಡಿದ್ದೆಂದರೆ ಒಂದು ಪಕ್ಷದ ಆಯುಧವನ್ನು ಎತ್ತಿಕೊಂಡು ಟನ್‌ಗಟ್ಟಲೆ ತಯಾರಿಸಿ ಎಲ್ಲೆಲ್ಲೂ ಚೆಲ್ಲಿದ್ದು.

ಇನ್ನೊಂದು ಸಂಗತಿ ಜಪಾನಿನಲ್ಲಿ ಗೊತ್ತಾಯಿತು. ಅಲ್ಲಿ 1950ರ ದಶಕದಲ್ಲಿ ನಾಲ್ಕು ಔಷಧಗಳಿಗೂ ಒಮ್ಮೆಲೇ ಬಗ್ಗದ ರಕ್ತಭೇದಿಯ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ಕರುಳಿನಲ್ಲಿ ನಿರುಪದ್ರವಿಯಾಗಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾ ತನ್ನಲ್ಲಿರುವ ನಿರೋಧಕ ಜೀನ್‌ಗಳನ್ನು ರಕ್ತಭೇದಿಯ ಬ್ಯಾಕ್ಟೀರಿಯಾಕ್ಕೆ ನೇರವಾಗಿ ದಾಟಿಸಬಲ್ಲದೆಂದು 1959ರಲ್ಲಿ ಅಲ್ಲಿಯ ಸಂಶೋಧಕರು ಸ್ಥಾಪಿಸಿದರು. ತಂದೆಯಿಂದ ಮಗನಿಗೆ ಬರುವ ಆಸ್ತಿಯಂತಲ್ಲ ಇದು. ಸಂತೆಯಲ್ಲಿ ಅಪರಿಚಿತರ ನಡುವೆ ಕೈ ಬದಲಾಗುವ ನಾಣ್ಯದಂತೆ. ಹೀಗಾಗಿ ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಒಂದೆಡೆ ಸೇರುವ ಸ್ಥಳ ಯಾವುದೆಂಬ ಪ್ರಶ್ನೆ ಮಹತ್ತ್ವದ್ದಾಯಿತು. ಉತ್ತರ: ಚರಂಡಿ, ನದಿ, ಅಳಿವೆ ಮತ್ತು ಕಡಲ ದಂಡೆ.

ನುಂಗಿದ ಮಾತ್ರೆ ಹೊಟ್ಟೆಯಲ್ಲಿಯೇ ಮುಗಿದು ಹೋಗುವುದಿಲ್ಲ. ಅನೇಕ ಪ್ರತಿಜೈವಿಕ ಔಷಧಗಳ ಗಣನೀಯ ಭಾಗ ರೂಪಾಂತರ ಹೊಂದದೆ ಮಲಮೂತ್ರಗಳ ಮೂಲಕ ಹೊರಬೀಳುತ್ತದೆ. ಕರುಳಿನಲ್ಲಿ ಔಷಧವನ್ನು ಎದುರಿಸಿ ಬದುಕಿದ ಬ್ಯಾಕ್ಟೀರಿಯಾಗಳೂ ಅದರೊಡನೆ ಬರುತ್ತವೆ. ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕಗಳು ಇವೆರಡನ್ನೂ ಪೂರ್ತಿಯಾಗಿ ತಡೆಯಲಾರವು. ಘಟಕವೇ ಇಲ್ಲದ ಊರುಗಳ ಮಾತಂತೂ ಹೇಳಬೇಕಾದುದಿಲ್ಲ. ಬಾಬಾಬುಡನ್ ಗಿರಿಗಳ ಸೀಮೆಯಲ್ಲಿ ಹುಟ್ಟುವ ವೇದಾವತಿಯು ಹೊಸದುರ್ಗ, ಹಿರಿಯೂರು ಸೀಮೆಗಳನ್ನು ಹಾದು, ಹಗರಿಯೆಂಬ ಹೆಸರಿನಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು. ನಕ್ಷೆಯ ಪ್ರಕಾರ ಚಿತ್ರದುರ್ಗದ ನೀರಿಗೂ ಒಂದು ಕಡಲ ದಂಡೆಯುಂಟು. ಆದರೆ ಇದು ಬರದ ಸೀಮೆ. ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸಸಾಗರ 1933ರ ಅನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಹರಿಯದ ನೀರಿನೊಡನೆ ಬಂದ ಕಲ್ಮಷ ಕಡಲಿಗೆ ಹೋಗದಿದ್ದರೆ ಕೆರೆಯ ಹೂಳಿನಲ್ಲಿ, ಬಾವಿಯ ಅಂತರ್ಜಲದಲ್ಲಿ ಇಲ್ಲಿಯೇ ಉಳಿಯುತ್ತದೆ. ಕಡಲು ದೂರವಿದೆಯೆಂಬುದು ಸಮಾಧಾನದ ಮಾತಾಗಲಾರದು.

ಈ ಹಾದಿಯಲ್ಲಿ ಏನೇನು ಸೇರುತ್ತದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 2007ರಲ್ಲಿ ಹೈದರಾಬಾದಿನ ಸಮೀಪದ ಪಟಾನ್‌ಚೆರು ಎಂಬಲ್ಲಿ, ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಶುದ್ಧೀಕರಿಸಿ ಹೊರಬಿಡುತ್ತಿದ್ದ ನೀರನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಅದರಲ್ಲಿತ್ತು. ಚಿಕಿತ್ಸೆ ಪಡೆಯುತ್ತಿರುವ ರೋಗಿಯ ರಕ್ತದಲ್ಲಿರುವುದಕ್ಕಿಂತಲೂ ಅಧಿಕ. 2011ರಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ, ಹರಿದ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿಯ ನೀರಿನ 50 ಮಾದರಿಗಳ ಪೈಕಿ 2ರಲ್ಲಿ, ಪ್ರಬಲವಾದ ಔಷಧಗಳನ್ನೂ ನಿಷ್ಫಲಗೊಳಿಸುವ ಎನ್‌ಡಿಎಂ-1 ಜೀನ್ ಪತ್ತೆಯಾಯಿತು. ಆ ಜೀನಿಗೆ ದೆಹಲಿಯ ಹೆಸರಿಟ್ಟದ್ದು ದೇಶಕ್ಕೆ ಅವಮಾನವೆಂದು ಆಗ ದೊಡ್ಡ ಗದ್ದಲವೇ ಎದ್ದಿತು. ಹೆಸರಿನ ಬಗ್ಗೆ ಎದ್ದ ಗದ್ದಲದ ಕಾಲುಭಾಗದಷ್ಟಾದರೂ ನೀರಿನ ಬಗ್ಗೆ ಎದ್ದಿದ್ದರೆ ಒಳ್ಳೆಯದಿತ್ತು.

ಕರ್ನಾಟಕದ ಕರಾವಳಿಯಲ್ಲಿ ಈ ವಿಷಯವನ್ನು ಬಹಳ ಮೊದಲೇ ಗಮನಿಸಿದವರಿದ್ದರು. 1969ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಗೊಂಡ ಮೀನುಗಾರಿಕಾ ಕಾಲೇಜಿನ ಡಾ. ಇಂದ್ರಾಣಿ ಕರುಣಾಸಾಗರ್ ಹಾಗೂ ಡಾ. ಇಡ್ಯಾ ಕರುಣಾಸಾಗರ್ ಮತ್ತು ಅವರ ಸಹೋದ್ಯೋಗಿಗಳು 1994ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸೀಗಡಿ ಮರಿ ಸಾಕುವ ಕೇಂದ್ರದಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತುದಕ್ಕೆ ಔಷಧಗಳಿಗೆ ಬಗ್ಗದ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಅದರಲ್ಲಿ ತೋರಿಸಿದರು. ಕಡಲ ನೀರಿನ ಸಹಜ ನಿವಾಸಿಯಾದ ಈ ಬ್ಯಾಕ್ಟೀರಿಯಾಕ್ಕೆ ಕತ್ತಲೆಯಲ್ಲಿ ಬೆಳಗುವ ಗುಣವಿದೆ; ರೋಗ ತಗುಲಿದ ಮರಿಗಳು ರಾತ್ರಿ ತೊಟ್ಟಿಯಲ್ಲಿ ಮಂದವಾಗಿ ಹೊಳೆಯುತ್ತವೆ. ಮರಿಗಳು ಸಾಯಬಾರದೆಂದು ತೊಟ್ಟಿಗೆ ಔಷಧ ಸುರಿಯುವುದು ಆ ಉದ್ಯಮದ ವಾಡಿಕೆಯಾಗಿತ್ತು. ಆ ತೊಟ್ಟಿಗಳ ನೀರು ಕೊನೆಗೆ ಸೇರುವುದು ಅದೇ ಕಡಲನ್ನು. ಔಷಧದ ಬದಲು, ಬ್ಯಾಕ್ಟೀರಿಯಾಗಳನ್ನೇ ತಿನ್ನುವ ವೈರಸ್ಸುಗಳನ್ನು ಈ ರೋಗದ ವಿರುದ್ಧ ಬಳಸುವ ಪ್ರಯತ್ನವೂ ಮಂಗಳೂರಿನ ಅದೇ ಬಳಗದಿಂದ 2006ರಲ್ಲಿ ಪ್ರಕಟವಾಯಿತು. 2005ರ ಕಾಯ್ದೆಯಂತೆ ರಚಿತವಾದ ಕರಾವಳಿ ಜಲಕೃಷಿ ಪ್ರಾಧಿಕಾರವು ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್ ಮೊದಲಾದ ಔಷಧಗಳ ಬಳಕೆಯನ್ನು ಸೀಗಡಿ ಸಾಕಣೆಯಲ್ಲಿ ನಿಷೇಧಿಸಿದೆ.

ಸೀಗಡಿ ತಿನ್ನುವವರ ಪಾಪ ತಿನ್ನದವರಿಗೇಕೆ ಎಂಬ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಶಾಕಾಹಾರಿ ಕುಟುಂಬಗಳಲ್ಲಿ ಈ ಮಾತು ಕೇಳದಿರುವುದೇ ಅಪರೂಪ. ಆದರೆ ಹಸುವಿನ ಕೆಚ್ಚಲು ಬಾವಿಗೆ ಕೊಡುವುದೂ ಪ್ರತಿಜೈವಿಕ ಔಷಧವನ್ನೇ. ಔಷಧ ಕೊಟ್ಟ ಮೇಲೆ ಇಂತಿಷ್ಟು ದಿನ ಆ ಹಾಲನ್ನು ಮಾರಬಾರದೆಂಬ ನಿಯಮ ಇರುವುದು ಅದಕ್ಕಾಗಿಯೇ, ಅದು ಎಲ್ಲೆಡೆಯೂ ಪಾಲನೆಯಾಗುತ್ತಿದೆಯೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಇನ್ನು ಕಡಲ ದಂಡೆಯು ನಡೆಯುವವನ ಆಹಾರ ಯಾವುದೆಂದು ಕೇಳುವುದಿಲ್ಲ. ಬ್ರಿಟನ್ನಿನಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಅಲೆಗಳ ಮೇಲೆ ಹಲಗೆಯಾಟ ಆಡುವ 143 ಮಂದಿಯನ್ನೂ ಆಡದ 130 ಮಂದಿಯನ್ನೂ ಹೋಲಿಸಿತು. ಮುಖ್ಯವಾದೊಂದು ಔಷಧಕ್ಕೆ ಬಗ್ಗದ ಇ. ಕೋಲೈ ಮೊದಲಿನವರಲ್ಲಿ ನೂರಕ್ಕೆ 9 ಮಂದಿಯ ಕರುಳಿನಲ್ಲಿತ್ತು, ಎರಡನೆಯವರಲ್ಲಿ 3 ಮಂದಿಯಲ್ಲಿ. ಅವರಾರೂ ರೋಗಿಗಳಲ್ಲ. ಆಟದಲ್ಲಿ ನುಂಗಿದ ಕಡಲ ನೀರಿನೊಡನೆ ಅದು ಒಳಗೆ ಸೇರಿರಬೇಕೆಂಬುದು ಸಂಶೋಧಕರ ಊಹೆ.

ಉಪ್ಪೂ ಬಿಸಿಲೂ ಕರುಳಿನ ಬ್ಯಾಕ್ಟೀರಿಯಾಗಳನ್ನು ಬಹುಮಟ್ಟಿಗೆ ಕೊಲ್ಲುತ್ತವೆ, ನಿಜ. ಆದರೆ ಒದ್ದೆಯಾದ ಮರಳಿನ ಕಣಗಳ ನಡುವೆ ಅವಕ್ಕೆ ಆಶ್ರಯವಿದೆ. ಎಷ್ಟೋ ದಂಡೆಗಳಲ್ಲಿ ಪಕ್ಕದ ನೀರಿಗಿಂತ ಮರಳಿನಲ್ಲಿಯೇ ಅವುಗಳ ಸಂಖ್ಯೆ ಹೆಚ್ಚು. ಸಾಯುವ ಮುನ್ನ ತಮ್ಮ ಜೀನ್‌ಗಳನ್ನು ಕಡಲಿನ ಬ್ಯಾಕ್ಟೀರಿಯಾಗಳಿಗೆ ಅವು ದಾಟಿಸಲೂಬಹುದು. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರೆಯ ದಂಡೆಗಳಿಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮನ್ನಣೆ ದೊರೆತುದು ಹೆಮ್ಮೆಯ ವಿಷಯವೇ. ಆ ಮನ್ನಣೆಯ ಮಾನದಂಡದಲ್ಲಿ ನೂರು ಮಿಲಿಲೀಟರ್ ನೀರಿನಲ್ಲಿ ಇ. ಕೋಲೈ 250ನ್ನೂ ಕರುಳಿನ ಎಂಟರೊಕಾಕಸ್ 100ನ್ನೂ ಮೀರಬಾರದೆಂದಿದೆ. ಅಲ್ಲಿ ಎಣಿಸುವುದು ಸಂಖ್ಯೆಯನ್ನು. ಆ 250ರಲ್ಲಿ ಎಷ್ಟು ಔಷಧಕ್ಕೆ ಬಗ್ಗುತ್ತವೆ, ಎಷ್ಟು ಬಗ್ಗುವುದಿಲ್ಲ ಎಂದು ಆ ಮಾನದಂಡ ಕೇಳುವುದಿಲ್ಲ.

ಜೈನಾಚಾರದ ನೀರು ಸೋಸುವ ಪದ್ಧತಿಯನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ಅಪ್ರಸ್ತುತವಲ್ಲ. ಶಾಸ್ತ್ರಗಳು ಹೇಳುವ ಸೂಕ್ಷ್ಮಜೀವಗಳನ್ನೂ ಸೂಕ್ಷ್ಮದರ್ಶಕದ ಬ್ಯಾಕ್ಟೀರಿಯಾಗಳನ್ನೂ ಒಂದೇ ಎಂದು ಸಾಧಿಸಹೊರಡುವ ಲೇಖನಗಳು ಸಾಕಷ್ಟು ಬಂದಿವೆ. ಆ ಸಾಧನೆ ಅವಸರದ್ದು, ಅನಾವಶ್ಯಕವೂ ಹೌದು. ಬಟ್ಟೆಯ ನೇಯ್ಗೆ ಬಿಡಿ ಬ್ಯಾಕ್ಟೀರಿಯಾವನ್ನು ತಡೆಯಲಾರದು, ನೀರಿನಲ್ಲಿ ಕರಗಿದ ಔಷಧವನ್ನಂತೂ ತಡೆಯದು. ಆದರೂ 2003ರಲ್ಲಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಬಾಂಗ್ಲಾದೇಶದ 65 ಹಳ್ಳಿಗಳ ಅಧ್ಯಯನ ಗಮನಾರ್ಹವಾದುದು. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ ನೀರು ಕುಡಿದ ಮನೆಗಳಲ್ಲಿ ಕಾಲರಾ ನೂರಕ್ಕೆ 48ರಷ್ಟು ಇಳಿಯಿತು. ಕಾಲರಾದ ವಿಬ್ರಿಯೊ ಬ್ಯಾಕ್ಟೀರಿಯಾ ನೀರಿನ ಸಣ್ಣ ಪ್ರಾಣಿಗಳ ಮೈಗೆ ಅಂಟಿಕೊಂಡಿರುವುದರಿಂದ, ಬಟ್ಟೆ ಆ ಪ್ರಾಣಿಗಳನ್ನು ತಡೆದಾಗ ರೋಗವೂ ಬಹಳಷ್ಟು ತಡೆಯಿತು. ಬಾರದ ರೋಗಕ್ಕೆ ಔಷಧವೂ ಬೇಕಾಗುವುದಿಲ್ಲ.

ಈ ಪದ್ಧತಿಯಲ್ಲಿ ಹೆಚ್ಚು ಮನನ ಮಾಡಬೇಕಾದ ಅಂಗವೆಂದರೆ ಸೋಸಿದ ಮೇಲಿನ ವಿಧಿ. ಬಟ್ಟೆಯಲ್ಲಿ ಉಳಿದುದನ್ನು ಕೊಡವಿ ಬಿಸಾಡುವಂತಿಲ್ಲ. ಸೋಸಿದ ನೀರಿನಿಂದಲೇ ಬಟ್ಟೆಯನ್ನು ತೊಳೆದು, ಯಾವ ಬಾವಿಯ ನೀರೋ ಅದೇ ಬಾವಿಗೆ, ಮೇಲಿನಿಂದ ಸುರಿಯದೆ, ನೀರಿನ ಮಟ್ಟದವರೆಗೂ ಪಾತ್ರೆಯನ್ನು ಇಳಿಸಿ ಬಿಡಬೇಕು. ಒಂದು ಬಾವಿಯದನ್ನು ಇನ್ನೊಂದಕ್ಕೆ ಬೆರೆಸಬಾರದು. ತನಗೆ ಬೇಕಾದಷ್ಟು ನೀರು ದೊರೆತ ಮೇಲೂ ಗೃಹಸ್ಥನ ಹೊಣೆ ಮುಗಿಯದು. ಶೇಷ ಎಲ್ಲಿಗೆ ಹೋಯಿತೆಂಬುದಕ್ಕೂ ಅವನು ಉತ್ತರ ಹೇಳಬೇಕು. ಒಂಬತ್ತನೆಯ ಶತಮಾನದಲ್ಲಿ 'ಕಲ್ಯಾಣಕಾರಕ'ವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಔಷಧದಲ್ಲಿ ಮಾಂಸವನ್ನು ಬಳಸಬಾರದೆಂದು ರಾಷ್ಟ್ರಕೂಟ ಅಮೋಘವರ್ಷನ ಆಸ್ಥಾನದಲ್ಲಿ ವಾದಿಸಿದರು. ಔಷಧ ಎಲ್ಲಿಂದ ಬಂತೆಂಬ ಪ್ರಶ್ನೆ ಅದು. ಎಲ್ಲಿಗೆ ಹೋಗುತ್ತದೆಂದು ಕೇಳುವ ಪ್ರಸಂಗ ಅವರ ಕಾಲದಲ್ಲಿ ಬಂದಿರಲಿಲ್ಲ.

ಈಗ ಬಂದಿದೆ, ವಿಶೇಷವಾಗಿ ಔಷಧದಾನ ಮಾಡುವವರಿಗೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮೀಮತಿಯನ್ನು ಶ್ರವಣಬೆಳಗೊಳದ ಶಾಸನವು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಸಂತೋಷ ಕಂಡವಳೆಂದು ಕೊಂಡಾಡಿದೆ. ಆ ಪರಂಪರೆಯನ್ನು ಅನುಸರಿಸಿ ಬಸದಿಯ ಆವರಣಗಳಲ್ಲಿ, ಸಮಾಜದ ಸಭಾಭವನಗಳಲ್ಲಿ ಉಚಿತ ಚಿಕಿತ್ಸಾ ಶಿಬಿರಗಳು ನಡೆಯುತ್ತವೆ. ಉದ್ದೇಶ ಶುದ್ಧವಾದುದು. ಆದರೆ ಶಿಬಿರಕ್ಕೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಸಂಕೋಚದಿಂದ ನೆಗಡಿಗೂ ಮೈಕೈನೋವಿಗೂ ಎರಡು ದಿನದ ಪ್ರತಿಜೈವಿಕ ಮಾತ್ರೆ ಕೊಟ್ಟರೆ, ನೆಗಡಿಗೆ ಕಾರಣವಾದ ವೈರಸ್ಸಿನ ಮೇಲೆ ಅದು ಏನೂ ಮಾಡದು. ಕರುಳಿನ ಬ್ಯಾಕ್ಟೀರಿಯಾಗಳನ್ನು ಮಾತ್ರ ಫ್ಲೆಮಿಂಗ್ ಹೆದರಿದ್ದ ಪರೀಕ್ಷೆಗೆ ಒಡ್ಡುತ್ತದೆ. ನಿಷ್ಪ್ರಯೋಜಕ ಹಿಂಸೆಯನ್ನು ಶ್ರಾವಕಾಚಾರವು ಅನರ್ಥದಂಡ ಎಂದು ಕರೆದು ಅದರಿಂದ ವಿರತನಾಗುವುದನ್ನು ಗುಣವ್ರತವೆಂದಿದೆ. ನೀರು, ನೆಲಗಳನ್ನು ವ್ಯರ್ಥವಾಗಿ ಕದಡುವುದೂ ಅದರಲ್ಲಿ ಸೇರಿದೆ. ನ್ಯೂಮೋನಿಯಾ ಹಿಡಿದ ಮಗುವಿಗೆ ವೈದ್ಯರು ಬರೆದ ಔಷಧವನ್ನು ಹೇಳಿದಷ್ಟು ದಿನ ಕೊಡುವುದು ಇದರೊಳಗೆ ಬರುವುದಿಲ್ಲ. ಅಂಥ ಮಗುವಿಗೆ ಔಷಧ ಫಲಿಸಬೇಕೆಂದೇ ಮೇಲಿನ ಎಚ್ಚರ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಜಗತ್ತಿನಲ್ಲಿ ಸತ್ತವರ ಸಂಖ್ಯೆ 12.7 ಲಕ್ಷವೆಂದು ಅಂದಾಜು.

ಕಾನೂನು ಸುಮ್ಮನಿಲ್ಲ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯಂತೆ, ಅದರಲ್ಲಿ ಸೇರಿದ ಪ್ರಬಲ ಪ್ರತಿಜೈವಿಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕೊಂಡವರ ವಿವರವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಹಸು, ಕೋಳಿ, ಮೀನುಗಳಿಗೆ ಕೊಲಿಸ್ಟಿನ್ ಎಂಬ ಕೊನೆಯ ಆಸರೆಯ ಔಷಧವನ್ನು ಕೊಡುವುದನ್ನು 2019ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಶಿಬಿರದ ಮೇಜಿನ ಮೇಲಿನ ಪೆಟ್ಟಿಗೆಯವರೆಗೆ ಈ ಕಾನೂನುಗಳ ಕಣ್ಣು ಬೀಳುವುದು ಕಡಿಮೆ. ಶಿಬಿರ ಮುಗಿದ ಸಂಜೆ ಅವಧಿ ಮೀರಿದ ಸಿರಪ್ಪುಗಳನ್ನು ಕೈತೊಳೆಯುವ ತೊಟ್ಟಿಗೆ ಸುರಿದು ಸೀಸೆಗಳನ್ನು ಬೇರ್ಪಡಿಸುವುದೂ, ಮಿಕ್ಕ ಮಾತ್ರೆಗಳನ್ನು ಮುಂದಿನ ಶಿಬಿರಕ್ಕೆಂದು ಮನೆಮನೆಯಿಂದ ಸಂಗ್ರಹಿಸುವುದೂ ಸೇವೆಯ ಹೆಸರಿನಲ್ಲಿಯೇ ನಡೆಯುತ್ತದೆ. ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿ ಮನೆಗಳಲ್ಲಿ ಉಳಿದ ಔಷಧಗಳನ್ನು ಸಂಗ್ರಹಿಸಿ, ಮತ್ತೆ ಹಂಚದೆ, ವಿಧಿವತ್ತಾಗಿ ನಾಶಪಡಿಸುವ ಯೋಜನೆ 2025ರಲ್ಲಿ ಆರಂಭವಾಗಿದೆ. ಬಸದಿಗಳ ಆಡಳಿತ ಮಂಡಳಿಗಳು ಇಂಥದೊಂದು ಪೆಟ್ಟಿಗೆಯನ್ನು ಹುಂಡಿಯ ಪಕ್ಕದಲ್ಲಿಡಲು ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಜಿಲ್ಲಾಸ್ಪತ್ರೆಗಳಲ್ಲಿ ವೈದ್ಯಕೀಯ ತ್ಯಾಜ್ಯದ ವಿಲೇವಾರಿಗೆ ಈಗಾಗಲೇ ವ್ಯವಸ್ಥೆಯಿರುವುದರಿಂದ ಅವರೊಡನೆ ಮಾತನಾಡಿ ಒಪ್ಪಂದ ಮಾಡಿಕೊಂಡರೆ ಸಾಕು. ಶಿಬಿರದ ಲೆಕ್ಕಪತ್ರದಲ್ಲಿ ಎಷ್ಟು ಔಷಧ ಹಂಚಲಾಯಿತೆಂಬ ಅಂಕಣ ಈಗಲೂ ಇರುತ್ತದೆ. ಅದರ ಪಕ್ಕದಲ್ಲಿ ಉಳಿದುದೆಷ್ಟು, ಅದನ್ನು ಎಲ್ಲಿಗೆ ಒಪ್ಪಿಸಲಾಯಿತು ಎಂಬ ಇನ್ನೆರಡು ಅಂಕಣಗಳಿಗೆ ಕಾಗದದಲ್ಲಿ ಸ್ಥಳವಿದೆ.